ಕೆಂಪು ಚಾಕ್‌ನಲ್ಲಿ ಪಾಳು ಕಟ್ಟಡ: ಮೊದಲು ಕಟ್ಟಿ, ಆಮೇಲೆ ಕೆಡವಿ

ಹದಿನೆಂಟನೇ ಶತಮಾನದ ಫ್ರೆಂಚ್ ಚಿತ್ರಕಾರರು ರೋಮಿನ ಪಾಳು ಕಟ್ಟಡಗಳನ್ನು ಕೆಂಪು ಚಾಕ್‌ನಲ್ಲಿ ಬಿಡಿಸಿದ ಹಾಳೆಗಳು ಒಮ್ಮೆ ಕಣ್ಣಿಗೆ ಬಿದ್ದರೆ ಮನಸ್ಸಿನಿಂದ ಹೋಗುವುದಿಲ್ಲ. ತಾವೂ ಅಂಥದ್ದೊಂದು ಮಾಡಬೇಕೆಂದು ಕೂತವರ ಚಿತ್ರಗಳು ನನ್ನ ಭಾನುವಾರದ ತರಗತಿಗೆ ಬರುತ್ತಲೇ ಇರುತ್ತವೆ. ಹೆಚ್ಚಿನವು ಕೆಡುವುದು ಒಂದೇ ಜಾಗದಲ್ಲಿ. ಗೋಡೆ ತುಂಬ ಬಿರುಕು, ಒಂದೊಂದು ಇಟ್ಟಿಗೆಗೂ ಗೆರೆ, ಸಂದಿಗೊಂದು ಬಳ್ಳಿ, ಮುಂದೆ ಆಲೂಗಡ್ಡೆ ರಾಶಿಯಂಥ ಕಲ್ಲುಗಳು. ಇಷ್ಟೆಲ್ಲ ಇದ್ದರೂ ಒಂದು ದೊಡ್ಡ ಕಟ್ಟಡ ಬಿದ್ದುಹೋಗಿದೆ ಅಂತ ನೋಡಿದವರಿಗೆ ಅನ್ನಿಸುವುದಿಲ್ಲ. ಮಳೆಗೆ ನೆಂದ ಕಾಂಪೌಂಡ್ ಗೋಡೆ ನೋಡಿದ ಹಾಗಿರುತ್ತದೆ.

ಕೈಯಲ್ಲಿ ತಪ್ಪಿಲ್ಲ, ತಪ್ಪಿರುವುದು ಕ್ರಮದಲ್ಲಿ. ಎಲ್ಲರೂ ಬಿರುಕಿನಿಂದ ಶುರು ಮಾಡುತ್ತಾರೆ. ಬೀಳುವುದಕ್ಕೆ ಮೊದಲು ಅಲ್ಲೊಂದು ಕಟ್ಟಡ ಇರಬೇಕಲ್ಲ? ‘ಪಾಳುಗಳ ರೋಬೇರ್’ ಎಂದೇ ಹೆಸರಾದ ಯೂಬೇರ್ ರೋಬೇರ್ (1733–1808) 1796ರ ಪ್ಯಾರಿಸ್ ಪ್ರದರ್ಶನದಲ್ಲಿ ಎರಡು ವರ್ಣಚಿತ್ರಗಳನ್ನು ಜೋಡಿಯಾಗಿ ಇಟ್ಟಿದ್ದ. ಒಂದರಲ್ಲಿ ಲೂವ್ರ್ ಅರಮನೆಯ ದೊಡ್ಡ ಪಡಸಾಲೆಯನ್ನು ಮ್ಯೂಸಿಯಂ ಆಗಿ ಹೇಗೆ ಸಜ್ಜುಗೊಳಿಸಬಹುದೆಂದು ತೋರಿಸಿದ್ದ: ಚಾವಣಿಯಲ್ಲಿ ಬೆಳಕಿಂಡಿ, ಗೋಡೆ ತುಂಬ ಚಿತ್ರ, ಓಡಾಡುವ ಜನ. ಇನ್ನೊಂದರಲ್ಲಿ ಅದೇ ಪಡಸಾಲೆ ಪಾಳುಬಿದ್ದಿದೆ. ಕಮಾನು ಚಾವಣಿ ಕುಸಿದು ಆಕಾಶ ಕಾಣುತ್ತಿದೆ. ಮೊದಲನೆಯದನ್ನು ಅಷ್ಟು ಚೆನ್ನಾಗಿ ಕಟ್ಟಿದ್ದರಿಂದಲೇ ಎರಡನೆಯದು ನಮ್ಮೆದೆಗೆ ತಟ್ಟುತ್ತದೆ. ಈ ಮಾರ್ಗದರ್ಶಿಯ ಕ್ರಮವೂ ಅದೇ: ಕಟ್ಟುವುದು, ಕೆಡವುವುದು, ಬೆಳಕು ಬಿಡುವುದು, ಗಿಡ ಬೆಳೆಸುವುದು, ಕೊನೆಗೆ ಜನರನ್ನು ಕರೆತರುವುದು. ದಯವಿಟ್ಟು ಈ ಸಾಲನ್ನು ಹಿಂದುಮುಂದು ಮಾಡಬೇಡಿ.

ನಾವು ಬಿಡಿಸುವುದು ಒಂದು ಉದ್ದನೆಯ ಕಮಾನು ಮಂಟಪವನ್ನು. ಒಂದರ ಹಿಂದೊಂದು ಮೂರು ಕಮಾನು, ನಡುವೆ ಕುಸಿದ ಚಾವಣಿ, ಅಲ್ಲಿಂದ ಇಳಿದ ಬಿಸಿಲು, ಕೆಳಗೆ ಇಬ್ಬರು ಆಳು. ರೋಬೇರ್ ಮತ್ತೆ ಮತ್ತೆ ಮರಳಿದ ವಿನ್ಯಾಸಗಳಲ್ಲಿ ಇದೊಂದು. ಮೂರು ತಾಸು ಬೇಕು. ನಡುವೆ ಒಮ್ಮೆ ಎದ್ದು ಹೋಗಿ ಬನ್ನಿ.

## ಬೇಕಾದ ಸಾಮಾನು

ಕೆಂಪು ಚಾಕ್: ಅಂಗಡಿಯಲ್ಲಿ ‘ಸ್ಯಾಂಗ್ವಿನ್’ ಎಂದು ಕೇಳಿ. ಕಡ್ಡಿಯ ರೂಪದಲ್ಲಿ ಒಂದು, ಪೆನ್ಸಿಲ್ ರೂಪದಲ್ಲಿ ಒಂದು ಇರಲಿ. ಆ ಕಾಲದವರು ಬಳಸುತ್ತಿದ್ದುದು ನೆಲದಿಂದ ಅಗೆದು ತೆಗೆದ, ಹೆಮಟೈಟ್ ಬೆರೆತ ಜೇಡಿಯ ತುಂಡು. ಅದನ್ನು ಹಿತ್ತಾಳೆಯ ಹಿಡಿಕೆಗೆ ಸಿಕ್ಕಿಸಿಕೊಂಡು ಗೀಚುತ್ತಿದ್ದರು. ನಮ್ಮ ಹಳ್ಳಿಮನೆಗಳ ಗೋಡೆಯಂಚಿಗೆ ಬಳಿಯುವ ಕೆಮ್ಮಣ್ಣು, ಹುರಮಂಜು ಇದೇ ಕುಲದ್ದು. ಎಲ್ಲಕ್ಕೂ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡ್‌ನಿಂದ. ಶಾಲೆಯ ಬೋರ್ಡಿಗೆ ಬರೆಯುವ ಕೆಂಪು ಸೀಮೆಸುಣ್ಣ ಮಾತ್ರ ಬೇಡ. ಅದು ಕಾಗದಕ್ಕೆ ಹಿಡಿಯುವುದಿಲ್ಲ, ಪುಡಿಯಾಗಿ ಉದುರುತ್ತದೆ. ಮೇಣ ಅಥವಾ ಎಣ್ಣೆ ಬೆರೆತ ಕೆಂಪು ಪೆನ್ಸಿಲ್ ಕೂಡ ಬೇಡ, ಕೊನೆಯ ಹಂತದಲ್ಲಿ ಅದು ಕೈಕೊಡುತ್ತದೆ.

ಕಾಗದ: ನುಣುಪು ಕಾಗದದಲ್ಲಿ ಈ ಕೆಲಸ ಆಗದು. ಬೆರಳಾಡಿಸಿದರೆ ಸಣ್ಣ ತರಿ ಸಿಗಬೇಕು. ಬೆಳಕಿಗೆ ಹಿಡಿದರೆ ಒತ್ತೊತ್ತಾದ ಗೆರೆಗಳು ಕಾಣುವ ‘ಇಂಗ್ರ್’ ಕಾಗದ ಸಿಕ್ಕರೆ ಬಹಳ ಒಳ್ಳೆಯದು, ಅವರ ಕಾಗದವೂ ಅಂಥದ್ದೇ. ಇಲ್ಲವಾದರೆ ಕೆನೆಬಣ್ಣದ ಕೈಕಾಗದ ಅಥವಾ ಒಳ್ಳೆಯ ಕಾರ್ಟ್ರಿಡ್ಜ್ ಶೀಟ್ ಸಾಕು. ಅಳತೆ 36 ಸೆಂ.ಮೀ. ಅಗಲ, 28 ಸೆಂ.ಮೀ. ಎತ್ತರ. ಅಡ್ಡಲಾಗಿ ಹಿಡಿಯಿರಿ.

ಇವುಗಳ ಜೊತೆಗೆ ವಿಲ್ಲೋ ಚಾರ್ಕೋಲ್ (ವಿಲ್ಲೋ ಮರದ ಇದ್ದಿಲು) ಒಂದು ಕಡ್ಡಿ, ಸ್ಕೇಲು, ಕೈವಾರ, ಬ್ಲೇಡು, ಒಂದು ತುಂಡು ಉಪ್ಪುಕಾಗದ, ನಾದಬಹುದಾದ ರಬ್ಬರ್, ಮೆತ್ತನೆಯ ಒಣ ಬ್ರಷ್. ಆ ಕಾಲದಲ್ಲಿ ಅಳಿಸಲು ಬ್ರೆಡ್ಡಿನ ಮೆತ್ತನೆಯ ತಿರುಳನ್ನು ಬಳಸುತ್ತಿದ್ದರು, ಇವತ್ತಿಗೂ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೊನೆಯ ಹಂತಕ್ಕೆ ತೆಳು ಕಾಗದ ಒಂದು ಹಾಳೆ, ಹಳೆಯ ಪೇಪರ್, ಲಟ್ಟಣಿಗೆ.

ಸೀಸದ ಪೆನ್ಸಿಲನ್ನು ಪಟ್ಟಿಯಲ್ಲಿ ಬೇಕೆಂದೇ ಸೇರಿಸಿಲ್ಲ. ಸೀಸದ ಗೆರೆಯ ಜಿಡ್ಡಿನ ಮೇಲೆ ಕೆಂಪು ಚಾಕ್ ಕೂರುವುದಿಲ್ಲ, ಜಾರುತ್ತದೆ. ಕರಡಿಗೆ ಚಾರ್ಕೋಲನ್ನೇ ಬಳಸಿ. ಬೇಡವಾದಾಗ ಬ್ರಷ್ಷಿನಿಂದ ಕೊಡವಿದರೆ ಹೋಗುತ್ತದೆ. ಕೆಂಪು ಚಾಕ್ ಹಾಗಲ್ಲ, ಒಮ್ಮೆ ಒತ್ತಿ ಎಳೆದರೆ ಪೂರ್ತಿ ಅಳಿಯುವುದೇ ಇಲ್ಲ.

## ಹಂತ 1: ಕಣ್ಮಟ್ಟದ ಗೆರೆ ಮತ್ತು ಆಳಿನ ಅಳತೆ

ನನ್ನ ತರಗತಿಯಲ್ಲಿ ಅತಿ ಹೆಚ್ಚು ಚಿತ್ರಗಳು ಸೋಲುವುದು ಇಲ್ಲೇ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಕಾಗದದ ಕೆಳ ಅಂಚಿನಿಂದ 7 ಸೆಂ.ಮೀ. ಮೇಲೆ ಚಾರ್ಕೋಲಿನಿಂದ ತೆಳುವಾಗಿ ಒಂದು ಅಡ್ಡಗೆರೆ ಎಳೆಯಿರಿ. ನೋಡುವವರ ಕಣ್ಣಿನ ಮಟ್ಟ ಅದು. ನಾವು ಸಾಮಾನ್ಯವಾಗಿ ಈ ಗೆರೆಯನ್ನು ಕಾಗದದ ಮಧ್ಯಕ್ಕೆ ಎಳೆದುಬಿಡುತ್ತೇವೆ, ಆಗ ಕಟ್ಟಡ ಕುಳ್ಳಾಗುತ್ತದೆ. ಕಾಗದದ ಕಾಲು ಭಾಗಕ್ಕೆ ಇಳಿಸಿದರೆ ಉಳಿದ ಮುಕ್ಕಾಲು ಭಾಗ ತಲೆಯ ಮೇಲೆ ಏಳುತ್ತದೆ.

ಅದೇ ಗೆರೆಯ ಮೇಲೆ ಎಡ ಅಂಚಿನಿಂದ 13 ಸೆಂ.ಮೀ. ದೂರಕ್ಕೆ ಒಂದು ಚುಕ್ಕಿ ಇಡಿ. ನಮ್ಮಿಂದ ದೂರಕ್ಕೆ ಓಡುವ ಗೆರೆಗಳೆಲ್ಲ ಈ ಚುಕ್ಕಿಗೆ ಬಂದು ಸೇರುತ್ತವೆ. ಇದು ಕಾಗದದ ನಟ್ಟನಡುವೆ ಇರಬಾರದು. ನಡುವೆ ಇಟ್ಟರೆ ಎರಡು ಗೋಡೆಯೂ ಸಮನಾಗಿ ಕಂಡು ಚಿತ್ರ ರೈಲ್ವೆ ಸುರಂಗವಾಗುತ್ತದೆ. ಎಡಕ್ಕೆ ಸರಿಸಿದರೆ ಬಲಗೋಡೆ ಅಗಲವಾಗಿ ತೆರೆದುಕೊಳ್ಳುತ್ತದೆ. ಬಿಸಿಲು ಬೀಳಿಸಲು ನಮಗೆ ಆ ಗೋಡೆಯೇ ಬೇಕು.

ಈಗ ಆಳಿನ ಅಳತೆ. ಸಮತಟ್ಟಾದ ನೆಲದಲ್ಲಿ ನಾವೂ ನಿಂತಿದ್ದೇವೆ, ಅವರೂ ನಿಂತಿದ್ದಾರೆ ಅಂದುಕೊಳ್ಳಿ. ಹತ್ತಿರದವರಾಗಲಿ ದೂರದವರಾಗಲಿ, ಎಲ್ಲರ ತಲೆಯೂ ಕಣ್ಮಟ್ಟದ ಗೆರೆಗೇ ಬರುತ್ತದೆ. ಬದಲಾಗುವುದು ಪಾದದ ಜಾಗ ಮಾತ್ರ. ಹಾಗಾಗಿ ನೆಲದ ಯಾವುದೇ ಬಿಂದುವಿನಿಂದ ಕಣ್ಮಟ್ಟದ ಗೆರೆಯವರೆಗಿನ ಎತ್ತರವೇ ಆ ಜಾಗದಲ್ಲಿ ‘ಒಂದಾಳು’.

ನಮ್ಮ ಮುಂಗಮಾನಿನ ಬುಡ ಕೆಳ ಅಂಚಿನಿಂದ 4.5 ಸೆಂ.ಮೀ. ಮೇಲೆ ಇರುತ್ತದೆ. ಅಲ್ಲಿಂದ ಕಣ್ಮಟ್ಟಕ್ಕೆ 2.5 ಸೆಂ.ಮೀ., ಅಂದರೆ ಅಲ್ಲಿ ಒಂದಾಳು 2.5 ಸೆಂ.ಮೀ. ಕಮಾನಿನ ನೆತ್ತಿ 26 ಸೆಂ.ಮೀ. ಎತ್ತರದಲ್ಲಿದೆ, ಅಂದರೆ ಬುಡದಿಂದ 21.5 ಸೆಂ.ಮೀ. ಭಾಗಿಸಿ ನೋಡಿ: ಎಂಟೂವರೆ ಆಳು. ಹದಿಮೂರು ಮೀಟರ್ ಮೀರಿದ ಕಮಾನು. ರೋಮಿನ ಕಟ್ಟಡದ ಗಾತ್ರ ಬರುವುದು ಹೀಗೆ.

ಎಚ್ಚರಿಕೆಯ ಗುರುತು: ಕಮಾನಿನ ಎತ್ತರ ನಾಲ್ಕು ಆಳಿಗಿಂತ ಕಡಿಮೆ ಬಂದರೆ ಅದು ಊರ ಬಾಗಿಲಾಗುತ್ತದೆ, ರೋಮ್ ಆಗುವುದಿಲ್ಲ. ಮುಂದೆ ಹೋಗಬೇಡಿ, ಬುಡವನ್ನು ಕಣ್ಮಟ್ಟದ ಹತ್ತಿರಕ್ಕೆ ಏರಿಸಿ ಮತ್ತೆ ಲೆಕ್ಕ ಹಾಕಿ.

ಗಾತ್ರದ ವಿಷಯದಲ್ಲಿ ರೋಬೇರ್ ಧಾರಾಳಿ. ಫ್ರಾನ್ಸಿನ ವಾಲಾನ್ಸ್ ಪಟ್ಟಣದ ಮ್ಯೂಸಿಯಂನಲ್ಲಿ ಅವನ ಕೆಂಪು ಚಾಕ್ ಹಾಳೆಗಳ ದೊಡ್ಡ ಸಂಗ್ರಹವಿದೆ. ಅದರಲ್ಲೊಂದರಲ್ಲಿ ಬೋರ್ಗೇಸೆ ಹೂದಾನಿಯ ಮುಂದೆ ಕೂತು ಚಿತ್ರ ಬಿಡಿಸುವವನೊಬ್ಬ ಇದ್ದಾನೆ. ಆ ಅಮೃತಶಿಲೆಯ ಹೂದಾನಿ ನಿಜದಲ್ಲಿ 1.72 ಮೀಟರ್, ಹೆಚ್ಚುಕಮ್ಮಿ ಒಂದಾಳು ಎತ್ತರ. ಚಿತ್ರದಲ್ಲಿ ಅದು ಕೂತವನ ಮೇಲೆ ಗೋಪುರದಂತೆ ಎದ್ದಿದೆ. ಸುಳ್ಳು ಗಾತ್ರವೇ, ಆದರೆ ಆಳಿನ ಅಳತೆ ಅವನಿಗೆ ಚೆನ್ನಾಗಿ ಗೊತ್ತಿದ್ದುದರಿಂದ ಅದು ತಪ್ಪು ಅನ್ನಿಸದೆ ಬೆರಗು ಅನ್ನಿಸುತ್ತದೆ.

## ಹಂತ 2: ಇಡೀ ಕಟ್ಟಡ ಕಟ್ಟುವುದು

ಒಂದು ಬಿರುಕೂ ಇಲ್ಲದ, ನಿನ್ನೆ ತಾನೇ ಗಾರೆ ಮುಗಿದ ಮಂಟಪ ಎಂದುಕೊಂಡು ಕಟ್ಟಿ. ಎಲ್ಲವೂ ಚಾರ್ಕೋಲಿನಲ್ಲಿ, ತೆಳುವಾಗಿ.

ಮುಂಗಮಾನು: ಎಡಗಂಬದ ಒಳ ಅಂಚು ಎಡದಿಂದ 6 ಸೆಂ.ಮೀ.ಗೆ, ಬಲಗಂಬದ ಒಳ ಅಂಚು 26 ಸೆಂ.ಮೀ.ಗೆ. ಎರಡೂ 4.5ರಿಂದ 16 ಸೆಂ.ಮೀ. ಎತ್ತರದವರೆಗೆ ನೆಟ್ಟಗೆ ಏರಲಿ. ಕಮಾನು ಬಾಗಲು ಶುರುವಾಗುವ ಮಟ್ಟ 16. ಕೈವಾರದ ಮುಳ್ಳನ್ನು ಅದೇ ಮಟ್ಟದಲ್ಲಿ ಎಡದಿಂದ 16 ಸೆಂ.ಮೀ.ಗೆ ಊರಿ, 10 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ ಎಳೆಯಿರಿ. ಎಡಗಂಬ ಕಾಗದದ ಅಂಚಿನವರೆಗೂ ಹಬ್ಬಲಿ. ಬಲಗಂಬ 31 ಸೆಂ.ಮೀ.ಗೆ ಮುಗಿಯಲಿ, ಅದರಾಚೆ ಬಯಲು.

ಎರಡನೆಯ ಕಮಾನು: ಕಂಬಗಳು 8.8 ಮತ್ತು 20.8 ಸೆಂ.ಮೀ.ಗೆ. ಬುಡ 5.5, ಬಾಗುವ ಮಟ್ಟ 12.4. ಮುಳ್ಳು ಎಡದಿಂದ 14.8 ಸೆಂ.ಮೀ.ಗೆ, ತ್ರಿಜ್ಯ 6. ಮೂರನೆಯದಕ್ಕೆ ಕಂಬಗಳು 10 ಮತ್ತು 18.6ಕ್ಕೆ, ಬುಡ 5.9, ಬಾಗುವ ಮಟ್ಟ 10.9, ತ್ರಿಜ್ಯ 4.3.

ಈಗ ಸ್ಕೇಲು ಇಟ್ಟು ಪರೀಕ್ಷೆ ಮಾಡಿ. ಮೂರೂ ಕಮಾನುಗಳ ಬಲಬುಡಗಳು ಒಂದೇ ಗೆರೆಯಲ್ಲಿ ಚುಕ್ಕಿಯ ಕಡೆಗೆ ಓಡಬೇಕು. ನೆತ್ತಿಗಳೂ ಹಾಗೆಯೇ. ಅರ್ಧ ಸೆಂ.ಮೀ. ಆಚೀಚೆಯಾದರೂ ಮುರಿದ ಮೇಲೆ ಕಟ್ಟಡ ಸೊಟ್ಟ ಕಾಣುತ್ತದೆ. ‘ಹೇಗೂ ಪಾಳು, ಸೊಟ್ಟ ಇದ್ದರೇನು’ ಎಂದು ಬಹಳ ಜನ ಇಲ್ಲಿ ಕೈಬಿಡುತ್ತಾರೆ. ಪಾಳು ಕಟ್ಟಡ ಸೊಟ್ಟಗಿರುವುದಿಲ್ಲ, ಅಪೂರ್ಣವಾಗಿರುತ್ತದೆ. ಉಳಿದಷ್ಟು ಭಾಗ ನೆಟ್ಟಗೆ ನಿಂತಿರುವುದರಿಂದಲೇ ಬಿದ್ದ ಭಾಗವನ್ನು ಕಣ್ಣು ಹುಡುಕುತ್ತದೆ. ಆ ಹುಡುಕಾಟದಲ್ಲಿಯೇ ಈ ಚಿತ್ರಗಳ ಸೆಳೆತ ಇರುವುದು.

## ಹಂತ 3: ಕೆಡವುವುದು

ಕಟ್ಟಡ ಎಲ್ಲೆಂದರಲ್ಲಿ ಒಡೆಯುವುದಿಲ್ಲ, ಅದು ಬೀಳುವುದಕ್ಕೂ ಒಂದು ನ್ಯಾಯ ಇದೆ. ಕಮಾನುಗಳು ಎರಡೂ ಕಡೆಯ ಒತ್ತಡದಿಂದ ನಿಂತಿರುತ್ತವೆ, ಅವು ಬೇಗ ಬೀಳುವುದಿಲ್ಲ. ಎರಡು ಕಮಾನುಗಳ ನಡುವಿನ ಚಾವಣಿ ಮೊದಲು ಹೋಗುತ್ತದೆ. ಪಕ್ಕೆಲುಬು ಉಳಿದು ಚರ್ಮ ಹೋದ ಹಾಗೆ.

ಆದ್ದರಿಂದ ಮೊದಲ ಮತ್ತು ಎರಡನೆಯ ಕಮಾನುಗಳ ನಡುವೆ ಕಾಣುವ ಚಾವಣಿಯಲ್ಲಿ ರಂಧ್ರ ಮಾಡಿ. ಕಮಾನನ್ನು ಗಡಿಯಾರ ಅಂದುಕೊಂಡರೆ ಹತ್ತು ಗಂಟೆಯಿಂದ ಒಂದು ಗಂಟೆಯವರೆಗಿನ ಭಾಗ ಹೋಗಲಿ. ಅಂದರೆ ಎಡ ಹೆಗಲು ಮತ್ತು ನೆತ್ತಿ. ಬಲ ಹೆಗಲು ಉಳಿಯಲಿ. ಮುಂಗಮಾನಿನಲ್ಲಿ ಒಂದೆರಡು ಕಡೆ ಅಂಚು ಚಕ್ಕೆ ಎದ್ದರೆ ಸಾಕು. ಹೊರಗಿನ ಬಲಗಂಬದ ತಲೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ.

ಈಗ ಒಡೆದ ಅಂಚಿನ ಆಕಾರ. ರೋಮನ್ನರ ಚಾವಣಿ ಸುಣ್ಣದ ಗಾರೆ ಮತ್ತು ಕಲ್ಲುಚೂರು ಸೇರಿಸಿ ಎರಕ ಹೊಯ್ದ ಕಾಂಕ್ರೀಟು. ಅದು ಇಟ್ಟಿಗೆ ಇಟ್ಟಿಗೆಯಾಗಿ ಉದುರುವುದಿಲ್ಲ, ದೊಡ್ಡ ದೊಡ್ಡ ಗಡ್ಡೆಯಾಗಿ ಕಳಚಿ ಬೀಳುತ್ತದೆ. ಹಾಗಾಗಿ ರಂಧ್ರದ ಅಂಚು ಗರಗಸದ ಹಲ್ಲಿನಂತೆ ಇರಬಾರದು. ಎರಡು ಮೂರು ದೊಡ್ಡ ಕಚ್ಚು, ಅವುಗಳ ನಡುವೆ ಒಂದೆರಡು ಸಣ್ಣವು, ಅಷ್ಟೇ. ಕೊಲೊಸಿಯಮ್ಮಿನ ಹೊರಗೋಡೆಯಂಥ ಕತ್ತರಿಸಿದ ಕಲ್ಲಿನ ಗೋಡೆಯಾದರೆ ಬೇರೆ ಮಾತು. ಅದು ಸಂದಿನ ಗೆರೆಯಲ್ಲೇ ಬಿಚ್ಚಿಕೊಳ್ಳುತ್ತದೆ, ಅಂಚು ನೆಟ್ಟಗೆ ಮೆಟ್ಟಿಲಾಗಿರುತ್ತದೆ. ಅದರ ಮೈಮೇಲಿನ ಗುಳಿಗಳನ್ನು ಗಮನಿಸಿ. ಕಲ್ಲುಗಳನ್ನು ಬಿಗಿದಿದ್ದ ಕಬ್ಬಿಣದ ಕೊಂಡಿಗಳನ್ನು ಮಧ್ಯಯುಗದಲ್ಲಿ ಜನ ಕಿತ್ತುಕೊಂಡು ಹೋದ ಜಾಗಗಳವು. ಆ ಗುಳಿಗಳು ಸಂದಿಗೆ ಹೊಂದಿಕೊಂಡೇ ಇರುತ್ತವೆ. ಗೋಡೆಗೆ ವಯಸ್ಸು ತರಬೇಕೆಂದರೆ ಮಿಂಚಿನಾಕಾರದ ಬಿರುಕುಗಳ ಬದಲು ಇಂಥ ನಾಲ್ಕು ಗುಳಿ ಹಾಕಿ.

ಇನ್ನು ಇಡೀ ಚಿತ್ರವನ್ನು ಉಳಿಸುವ ಒಂದು ಗೆರೆ. ಒಡೆದ ಅಂಚಿಗೆ ದಪ್ಪ ಕೊಡಿ. ಚಾವಣಿ ರಟ್ಟಿನದಲ್ಲ, ಒಂದು ಮೀಟರ್ ದಪ್ಪದ್ದು. ರಂಧ್ರದ ಬಲಬದಿಯಲ್ಲೂ ದೂರದ ಬದಿಯಲ್ಲೂ ಅಂಚಿನ ಗೆರೆಯಿಂದ ಸುಮಾರು ಒಂದು ಸೆಂ.ಮೀ. ಬಿಟ್ಟು ಅದರ ಜೊತೆಯಲ್ಲೇ ಓಡುವ ಇನ್ನೊಂದು ಗೆರೆ ಎಳೆಯಿರಿ. ಈ ಎರಡು ಗೆರೆಗಳ ನಡುವಿನ ಪಟ್ಟಿಯೇ ಮುರಿದ ಮೈ. ಹೋದ ತಿಂಗಳು ಒಬ್ಬ ಹುಡುಗಿಯ ಚಿತ್ರಕ್ಕೆ ಈ ಒಂದು ಗೆರೆ ಸೇರಿಸಿದೆವು. ಅಲ್ಲಿಯವರೆಗೆ ಹರಿದ ಪರದೆಯಂತೆ ಕಾಣುತ್ತಿದ್ದ ಚಾವಣಿ, ತಲೆ ಮೇಲೆ ಬಿದ್ದೀತೆಂದು ಹೆದರಿಸುವಷ್ಟು ಭಾರವಾಯಿತು.

## ಹಂತ 4: ಬಿದ್ದದ್ದಕ್ಕೆ ಲೆಕ್ಕ

ಮೇಲಿನಿಂದ ಹೋದದ್ದು ಕೆಳಗೆ ಇರಲೇಬೇಕು. ರಂಧ್ರದ ನೇರ ಕೆಳಗೆ, ಗೋಡೆಗೆ ಒರಗಿದಂತೆ ರಾಶಿ ಹಾಕಿ. ಕಲ್ಲುಗಳನ್ನು ಎಲ್ಲ ಕಡೆ ಸಮನಾಗಿ ಚೆಲ್ಲುವುದು ಮಾಮೂಲಿ ತಪ್ಪು.

ಆಲೂಗಡ್ಡೆಯಾಗದಿರಲು ಒಂದು ಉಪಾಯ: ಪ್ರತಿ ತುಂಡಿನಲ್ಲೂ ಕಟ್ಟಡದ ನೆನಪು ಉಳಿದಿರಲಿ. ಒಂದಕ್ಕೆ ಎರಡು ಸಮಾನಾಂತರ ಅಂಚು, ಇನ್ನೊಂದಕ್ಕೆ ಕಮಾನಿನ ಬಾಗು, ಮತ್ತೊಂದಕ್ಕೆ ಅಂಚುಪಟ್ಟಿಯ ಅಲಂಕಾರ. ಕಂಬ ಬೀಳಿಸುವುದಾದರೆ ಅದು ಬಿಲ್ಲೆ ಬಿಲ್ಲೆಯಾಗಿ ಬೇರ್ಪಟ್ಟಿರಲಿ, ಏಕೆಂದರೆ ಬಹಳಷ್ಟು ಕಂಬಗಳನ್ನು ಬಿಲ್ಲೆ ಪೇರಿಸಿಯೇ ನಿಲ್ಲಿಸಿರುತ್ತಾರೆ. ಅರ್ಧದಷ್ಟು ತುಂಡುಗಳು ಮಣ್ಣಿನಲ್ಲಿ ಹೂತಿರಲಿ. ಪೂರ್ತಿ ಮೇಲೆ ಕೂತ ಕಲ್ಲು ನಿನ್ನೆ ಬಿದ್ದಂತೆ ಕಾಣುತ್ತದೆ, ನಮ್ಮದು ಸಾವಿರ ವರ್ಷದ ಹಿಂದೆ ಬಿದ್ದದ್ದು.

ಮುಂಭಾಗದ ಎಡಮೂಲೆಯಲ್ಲಿ ಒಂದೇ ಒಂದು ದೊಡ್ಡ ಕಲ್ಲು ಇಡಿ. ನೋಡುವವರ ಕಣ್ಣು ಚಿತ್ರದೊಳಗೆ ಕಾಲಿಡುವುದಕ್ಕೆ ಅದೇ ಮೆಟ್ಟಿಲು.

## ಹಂತ 5: ಚಾರ್ಕೋಲಿನಿಂದ ಕೆಂಪಿಗೆ

ಒಣ ಬ್ರಷ್ಷಿನಿಂದ ಇಡೀ ಕಾಗದವನ್ನು ಹಗುರವಾಗಿ ಕೊಡವಿ. ಕರಡು ನೆರಳಿನಷ್ಟು ತೆಳುವಾಗಿ ಉಳಿಯಬೇಕು. ಕೆಂಪು ಪೆನ್ಸಿಲನ್ನು ಉಪ್ಪುಕಾಗದಕ್ಕೆ ಉಜ್ಜಿ ಚೂಪು ಮಾಡಿ ಆ ನೆರಳಿನ ಮೇಲೆ ಗೆರೆ ಎಳೆಯಿರಿ. ಈಗ ಸ್ಕೇಲು, ಕೈವಾರ ಮುಟ್ಟಬೇಡಿ. ಕೈಯ ಸಣ್ಣ ನಡುಕವೇ ಹಳೆಯ ಗೋಡೆಗೆ ಜೀವ. ಗೆರೆ ಅಲ್ಲಲ್ಲಿ ಕಡಿಯಲಿ, ಬಿಸಿಲು ಬೀಳುವ ಅಂಚಿನಲ್ಲಂತೂ ಕಡಿದೇ ಇರಲಿ.

ಗೆರೆ ಮುಗಿದ ಮೇಲೆ ಉಳಿದ ಚಾರ್ಕೋಲನ್ನು ನಾದುರಬ್ಬರಿನಿಂದ ಒತ್ತಿ ಒತ್ತಿ ಎತ್ತಿ. ಉಜ್ಜಬೇಡಿ. ಉಜ್ಜಿದರೆ ಕೆಂಪೂ ಕಪ್ಪೂ ಕಲೆತು ಕಂದು ಕೊಚ್ಚೆಯಾಗುತ್ತದೆ, ಆಮೇಲೆ ಸರಿಮಾಡಲು ಬಾರದು.

## ಹಂತ 6: ಬೆಳಕು

ಸೂರ್ಯ ಎಡಕ್ಕೆ, ಮೇಲೆ. ಬೆಳಕು ಎಡ ಹೆಗಲಿನ ರಂಧ್ರದಿಂದ ಓರೆಯಾಗಿ ಇಳಿದು ಬಲಗೋಡೆಯ ಮೇಲೂ ಅದರ ಬುಡದ ನೆಲದ ಮೇಲೂ ಬೀಳುತ್ತದೆ. ಮೊದಲು ಈ ಬಿಸಿಲಿನ ತೇಪೆಯ ಗಡಿಯನ್ನು ತೆಳುವಾಗಿ ಗುರುತಿಸಿ. ಅದರ ಆಕಾರ ರಂಧ್ರದ ಆಕಾರವನ್ನೇ ಹೋಲಬೇಕು, ಎಳೆದು ಓರೆ ಮಾಡಿದಂತೆ. ಗುರುತಿಸಿದ ಮೇಲೆ ಅದನ್ನು ಮುಟ್ಟಬೇಡಿ. ಕೊನೆಯವರೆಗೂ ಅದು ಬರಿ ಕಾಗದವಾಗಿಯೇ ಉಳಿಯಲಿ. ಈ ಚಿತ್ರಗಳಲ್ಲಿ ಬಿಸಿಲು ಅಂದರೆ ಕಾಗದವೇ. ಬಿಳಿ ಚಾಕ್ ತಂದು ಬೆಳಕು ಹಚ್ಚುವುದು ಬೇಡ.

ನೆರಳಿಗೆ ಒಂದೇ ದಿಕ್ಕಿನ ಓರೆಗೆರೆಗಳು. ಬಲಗೈಯವರಿಗೆ ಮೇಲೆ ಬಲದಿಂದ ಕೆಳಗೆ ಎಡಕ್ಕೆ ಇಳಿಯುವ ಗೆರೆ ಸಲೀಸು, ಎಡಗೈಯವರಿಗೆ ಅದರ ಉಲ್ಟಾ. ಗೋಡೆ, ನೆಲ, ಕಂಬ ಯಾವುದೇ ಇರಲಿ, ಮೊದಲ ಪದರದಲ್ಲಿ ದಿಕ್ಕು ಬದಲಿಸಬೇಡಿ. ಇಡೀ ಚಿತ್ರದ ಮೇಲೆ ಒಂದೇ ಗಾಳಿ ಬೀಸಿದ ಹಾಗೆ ಅದು ಎಲ್ಲವನ್ನೂ ಒಗ್ಗೂಡಿಸುತ್ತದೆ. ಎರಡನೆಯ ಪದರವನ್ನು ಕಮಾನಿನ ಒಳಮೈಯಲ್ಲಿ ಬಾಗಿಗೆ ತಕ್ಕಂತೆ ತಿರುಗಿಸಿ.

ಮೂರು ಮಟ್ಟ ಸಾಕು:

1. ಬರಿ ಕಾಗದ: ಬಿಸಿಲಿನ ತೇಪೆ, ರಂಧ್ರದಲ್ಲಿ ಕಾಣುವ ಆಕಾಶ, ಮೂರನೆಯ ಕಮಾನಿನಾಚೆಯ ಬಯಲು.
2. ನಡು ಕೆಂಪು: ಎರಡನೆಯ ಕಮಾನು, ಬಲಗೋಡೆಯ ಉಳಿದ ಭಾಗ, ನೆಲ.
3. ಗಾಢ ಕೆಂಪು: ಮುಂದಿನ ಎಡಗಂಬ ಪೂರ್ತಿ, ಮುಂಗಮಾನಿನ ಒಳಮೈ, ಎಡಮೂಲೆಯ ಕಲ್ಲು.

ಹತ್ತಿರದ್ದು ಗಾಢ, ದೂರದ್ದು ತೆಳು. ಇದು ಉಲ್ಟಾ ಆದರೆ ಆಳವೇ ಹೋಗುತ್ತದೆ. ದೂರದ ಕಮಾನನ್ನು ‘ಕತ್ತಲಾಗಿರುತ್ತದಲ್ಲ’ ಎಂದು ಕಪ್ಪು ಮಾಡುವವರು ತುಂಬಾ ಜನ. ಆಚೆ ಬಯಲಿದೆ, ಅಲ್ಲಿ ಬೆಳಕಿದೆ ಎನ್ನುವುದನ್ನು ನೆನಪಿಟ್ಟುಕೊಳ್ಳಿ.

ಬೆರಳಿನಿಂದ ತೀಡಬೇಡಿ. ತೀಡಿದ ಕೆಂಪು ಮೈಬಣ್ಣಕ್ಕೆ ಸರಿ, ಕಲ್ಲಿಗೆ ಸರಿಯಲ್ಲ. ಕಾಗದದ ತರಿಯ ನಡುವೆ ಉಳಿಯುವ ಬಿಳಿ ಚುಕ್ಕಿಗಳೇ ಕಲ್ಲಿನ ಮೈ, ತೀಡಿದರೆ ಅವು ಮುಚ್ಚಿಹೋಗುತ್ತವೆ.

ಎಚ್ಚರಿಕೆಯ ಗುರುತು: ಎದ್ದು ಎರಡು ಮೀಟರ್ ದೂರ ನಿಂತು ಕಣ್ಣು ಅರೆಮುಚ್ಚಿ ನೋಡಿ. ಮೊದಲು ಕಾಣುವುದು ಬಿಸಿಲಿನ ತೇಪೆಯಾಗಿರಬೇಕು. ಮೊದಲು ಇಟ್ಟಿಗೆ ಕಂಡರೆ ವಿವರ ಹೆಚ್ಚಾಗಿದೆ ಎಂದರ್ಥ. ಅಳಿಸಲು ಹೋಗಬೇಡಿ. ಆ ಜಾಗದ ಮೇಲೆಲ್ಲ ಒಂದು ಪದರ ಓರೆಗೆರೆ ಹಾಕಿ ವಿವರವನ್ನು ನೆರಳಿನೊಳಗೆ ಮುಳುಗಿಸಿ.

## ಹಂತ 7: ಗಿಡ

ಗಿಡಕ್ಕೆ ಮಣ್ಣು, ನೀರು ಬೇಕು. ಎರಡೂ ನಿಲ್ಲುವುದು ಅಡ್ಡ ಅಂಚುಗಳಲ್ಲಿ, ಗೋಡೆಯ ನೆತ್ತಿಯಲ್ಲಿ, ಒಡೆದ ಪಟ್ಟಿಯಲ್ಲಿ. ನಯವಾದ ನೇರ ಗೋಡೆಯ ನಡುವೆ ಪೊದೆ ಬೆಳೆಸಬೇಡಿ. ರಂಧ್ರದ ಅಂಚಿನಿಂದ ಬಳ್ಳಿ ಕೆಳಗೆ ಜೋತುಬೀಳಲಿ, ಅದು ಬೆಳಕಿಗೆ ಅಡ್ಡ ಬಂದಲ್ಲಿ ಗಾಢವಾಗಿ ಕಾಣಲಿ. ಪಾಳು ಕಟ್ಟಡದಲ್ಲಿ ಎಷ್ಟು ಬೆಳೆಯಬಹುದು ಎಂಬುದಕ್ಕೆ ಒಂದು ಲೆಕ್ಕ: 1855ರಲ್ಲಿ ಇಂಗ್ಲಿಷ್ ಸಸ್ಯಜ್ಞನೊಬ್ಬ ಕೊಲೊಸಿಯಮ್ ಒಂದರಲ್ಲೇ 420 ಬಗೆಯ ಗಿಡಗಳನ್ನು ದಾಖಲಿಸಿದ.

ಎಲೆ ಎಲೆಯಾಗಿ ಬಿಡಿಸುವುದಲ್ಲ. ಅದೇ ಕಾಲದ ಫ್ರೆಂಚ್ ಚಿತ್ರಕಾರ ಫ್ರಾಗೊನಾರ್ 1760ರ ಬೇಸಿಗೆಯಲ್ಲಿ ರೋಮಿನ ಬಳಿಯ ತಿವೊಲಿಯಲ್ಲಿ, ವಿಲ್ಲಾ ದೆಸ್ತೆ ಎಂಬ ತೋಟದ ಬಂಗಲೆಯಲ್ಲಿದ್ದಾಗಿನ ಕೆಂಪು ಚಾಕ್ ಹಾಳೆಗಳು ಈಗ ಫ್ರಾನ್ಸಿನ ಬೆಜಾನ್ಸೋನ್ ಮ್ಯೂಸಿಯಂನಲ್ಲಿವೆ. ಚಿತ್ರಗಳನ್ನು ದೊಡ್ಡದು ಮಾಡಿ ಮರದ ಒಂದೇ ಒಂದು ಕೊಂಬೆಯನ್ನು ನೋಡಿ. ಎಲೆ ಅಂತ ಒಂದೂ ಇಲ್ಲ. ಮಣಿಕಟ್ಟು ಎತ್ತದೆ ಸುತ್ತಿಸುತ್ತಿ ಎಳೆದ ಗೆರೆಗಳ ಗೊಂಚಲು, ಗೊಂಚಲ ಮೇಲ್ಭಾಗ ತೆಳು, ಕೆಳಭಾಗ ಒತ್ತು. ನಮ್ಮ ಬಲಬದಿಯ ಬಯಲಿನಲ್ಲಿ ಹೀಗೆಯೇ ಒಂದು ಮರ ನಿಲ್ಲಿಸಿ, ಕಟ್ಟಡಕ್ಕಿಂತ ತೆಳುವಾಗಿ.

ಎಷ್ಟು ಗಿಡ? ಕಟ್ಟಡದ ಹೊರಗೆರೆಯ ಐದನೇ ಒಂದು ಭಾಗಕ್ಕಿಂತ ಹೆಚ್ಚು ಮುಚ್ಚದಿರಿ. ಹಂತ 2ರಲ್ಲಿ ಪಟ್ಟ ಶ್ರಮವನ್ನು ಬಳ್ಳಿ ನುಂಗಬಾರದು.

## ಹಂತ 8: ಜನ

ಎರಡನೆಯ ಕಮಾನಿನ ಬುಡದಲ್ಲಿ, ಬಿಸಿಲಿನ ತೇಪೆಯ ಅಂಚಿಗೆ ಇಬ್ಬರನ್ನು ನಿಲ್ಲಿಸಿ. ಪಾದ 5.5 ಸೆಂ.ಮೀ.ಗೆ, ತಲೆ 7ಕ್ಕೆ. ಅಂದರೆ ಒಂದೂವರೆ ಸೆಂ.ಮೀ. ಎತ್ತರ. ಬಗ್ಗಿದವರು ಒಂದು ಸೆಂ.ಮೀ. ಇಷ್ಟು ಚಿಕ್ಕದರಲ್ಲಿ ಮುಖ ಬೇಡ, ತಲೆಗೊಂದು ಚುಕ್ಕಿ, ಬೆನ್ನಿನ ಬಾಗು, ಸೆರಗಿನಂಥ ಬಟ್ಟೆಯ ಒಂದು ಗೆರೆ ಸಾಕು.

ಅವರು ಏನು ಮಾಡುತ್ತಿದ್ದಾರೆ ಎಂಬುದು ಮುಖ್ಯ. ಕೂತು ನಿಟ್ಟುಸಿರು ಬಿಡುವ ಕವಿಯನ್ನು ಹಾಕಬೇಡಿ. ರೋಬೇರನ ಜನ ಬಟ್ಟೆ ಒಗೆಯುತ್ತಾರೆ, ದನ ಮೇಯಿಸುತ್ತಾರೆ, ಚಕ್ರವರ್ತಿಗಳ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ. ಮೊದಲು ಹೇಳಿದ ಪಾಳು ಲೂವ್ರ್ ಚಿತ್ರದಲ್ಲೂ ಯುವಕನೊಬ್ಬ ಕಲ್ಲುರಾಶಿಯ ನಡುವೆ ಉಳಿದ ಅಪೊಲೊ ಪ್ರತಿಮೆಯನ್ನು ನೋಡಿ ಚಿತ್ರ ಬಿಡಿಸುತ್ತಿದ್ದಾನೆ. ಮೇಲೆ ಅಷ್ಟೆಲ್ಲ ಕುಸಿದಿದ್ದರೂ ಕೆಳಗೆ ಇವತ್ತಿನ ಕೆಲಸ ನಡೆದೇ ಇದೆ. ನನಗೆ ಈ ಚಿತ್ರಗಳ ಮೇಲೆ ಪ್ರೀತಿ ಹುಟ್ಟಿದ್ದು ಆ ಒಣಹಾಕಿದ ಬಟ್ಟೆಗಳಿಂದ.

ಸಂಖ್ಯೆಯ ಬಗ್ಗೆ ಎಚ್ಚರ. 1767ರ ಪ್ಯಾರಿಸ್ ಪ್ರದರ್ಶನ ನೋಡಿ ಬರೆದ ಫ್ರೆಂಚ್ ಲೇಖಕ ದಿದೆರೊ, ರೋಬೇರನ ಪಾಳುಗಳನ್ನು ಮನಸಾರೆ ಮೆಚ್ಚುತ್ತಲೇ, ಜನ ಹೆಚ್ಚಾದರು ಎಂದು ಆಕ್ಷೇಪಿಸಿದ್ದ. ಏಕಾಂತವನ್ನೂ ಮೌನವನ್ನೂ ಹೆಚ್ಚಿಸುವವರನ್ನು ಮಾತ್ರ ಉಳಿಸು ಎಂಬುದು ಅವನ ಸಲಹೆ. ನಮ್ಮ ಅಳತೆಯ ಕಾಗದಕ್ಕೆ ಇಬ್ಬರು, ಬೇಕಿದ್ದರೆ ಒಂದು ನಾಯಿ. ಮೂರನೆಯವರು ಬಂದರೆ ಮಾತುಕತೆ ಶುರುವಾಗುತ್ತದೆ, ಮೌನ ಹೋಗುತ್ತದೆ.

## ಹಂತ 9: ಒದ್ದೆ ತುದಿಯ ಗುರುತುಗಳು

ಕೆಂಪು ಚಾಕ್‌ಗೆ ಒಂದು ಮಿತಿ ಇದೆ. ಎಷ್ಟು ಒತ್ತಿದರೂ ಅದು ಕಪ್ಪಿನಷ್ಟು ಗಾಢವಾಗದು, ಕಾಗದವೇ ಹರಿದೀತು. ಹಳಬರು ಚಾಕ್‌ನ ತುದಿಯನ್ನು ಒದ್ದೆ ಮಾಡಿಕೊಳ್ಳುತ್ತಿದ್ದರು. ಒದ್ದೆ ಬಟ್ಟೆಗೆ ತುದಿ ತಾಗಿಸಿ, ಹತ್ತು ಹನ್ನೆರಡು ಕಡೆ ಮಾತ್ರ ಗುರುತು ಹಾಕಿ: ಎಡಮೂಲೆಯ ಕಲ್ಲಿನ ಕೆಳಗೆ, ಕಂಬದ ಬುಡದ ಸಂದಿಯಲ್ಲಿ, ಜೋತುಬಿದ್ದ ಬಳ್ಳಿಯಲ್ಲಿ, ಕೆಳಗಿನ ಇಬ್ಬರ ನೆರಳಿನಲ್ಲಿ. ಈ ಗುರುತು ಅಳಿಯುವುದಿಲ್ಲ. ಹಾಗಾಗಿ ಇದು ಕೊನೆಗೆ.

## ಹಂತ 10: ಎದುರಚ್ಚು

ಕೋಂತ್ರ್-ಎಪ್ರೂವ್ ಎಂದು ಫ್ರೆಂಚರು ಕರೆಯುವ ಇದನ್ನು ನಾವು ತರಗತಿಯಲ್ಲಿ ಎದುರಚ್ಚು ಎನ್ನುತ್ತೇವೆ. ಫಿಕ್ಸೆಟಿವ್ (ಚಾಕ್ ಪುಡಿ ಉದುರದಂತೆ ಹಿಡಿದಿಡುವ ದ್ರವ) ಸಿಂಪಡಿಸುವ ಮೊದಲೇ ಇದು ಆಗಬೇಕು.

ತೆಳು ಕಾಗದವನ್ನು ನೀರಿನಲ್ಲಿ ಅದ್ದಿ, ಎರಡು ಹಳೆಯ ಪೇಪರ್ ನಡುವೆ ಒತ್ತಿ ನೀರಿಳಿಸಿ. ಮುಟ್ಟಿದರೆ ತಣ್ಣಗಿರಬೇಕು, ಮಿನುಗಬಾರದು. ಮಿನುಗಿದರೆ ನೀರು ಹೆಚ್ಚು, ಚಿತ್ರ ಕದಡಿಹೋಗುತ್ತದೆ. ಅದನ್ನು ಚಿತ್ರದ ಮೇಲೆ ಒಂದೇ ಸಲಕ್ಕೆ ಹಾಸಿ, ಸರಿಸಬೇಡಿ. ಮೇಲೆ ಒಣ ಪೇಪರ್ ಇಟ್ಟು ಲಟ್ಟಣಿಗೆಯನ್ನು ನಡುವಿನಿಂದ ಹೊರಕ್ಕೆ, ಮೈಭಾರ ಹಾಕಿ ಉರುಳಿಸಿ. ಒಂದು ಮೂಲೆ ಹಿಡಿದು ಮೆಲ್ಲಗೆ ಎತ್ತಿ.

ತೆಳು ಕೆಂಪಿನಲ್ಲಿ ನಿಮ್ಮದೇ ಚಿತ್ರ ಎಡಬಲ ಬದಲಾಗಿ ಬಂದಿರುತ್ತದೆ. ಮೂಲದ ಮೇಲಿನ ಸಡಿಲ ಪುಡಿ ಹೋಗಿ ಅದೂ ಗಟ್ಟಿಯಾಗಿರುತ್ತದೆ. ರೋಬೇರ್ ಇಂಥ ಎಷ್ಟೋ ಎದುರಚ್ಚುಗಳನ್ನು ತೆಗೆದಿದ್ದಾನೆ. ಅವನ ಹಾಳೆ ನೋಡುವಾಗ ಓರೆಗೆರೆಗಳು ಎತ್ತ ವಾಲಿವೆ ಎಂದು ನೋಡಿದರೆ ಮೂಲವೋ ಎದುರಚ್ಚೋ ಎಂಬ ಮೊದಲ ಸುಳಿವು ಸಿಗುತ್ತದೆ. ಬರಹವಿದ್ದರೆ ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೂಲದಲ್ಲಿ ಕಣ್ಣಿಗೆ ರೂಢಿಯಾಗಿ ಕಾಣದೇ ಹೋದ ಸೊಟ್ಟ ಕಮಾನು, ಮುಗ್ಗರಿಸುವ ಕಂಬ ಎದುರಚ್ಚಿನಲ್ಲಿ ಥಟ್ಟನೆ ಕಾಣುತ್ತದೆ. ಅದನ್ನು ಎದುರಚ್ಚಿನ ಮೇಲೆಯೇ, ಕಾಗದ ಪೂರ್ತಿ ಒಣಗಿದ ಮೇಲೆ, ತಿದ್ದಿ. ಮೂಲಕ್ಕೆ ಫಿಕ್ಸೆಟಿವ್ ಬೇಕೆನಿಸಿದರೆ ದೂರದಿಂದ ಒಂದೇ ತೆಳು ಪದರ, ಹೆಚ್ಚಾದರೆ ಕೆಂಪು ಮಂಕಾಗಿ ಬಿಸಿಲೂ ಕಂದುತ್ತದೆ. ಎರಡೂ ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು ರಟ್ಟಿನ ಫೋಲ್ಡರಿನಲ್ಲಿಡಿ. ಪ್ಲಾಸ್ಟಿಕ್ ಕವರಿಗೆ ಮಾತ್ರ ಹಾಕಬೇಡಿ, ಅದು ಚಾಕ್ ಪುಡಿಯನ್ನು ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಒಳಗೇ ಬೂಷ್ಟು ಹಿಡಿಯುತ್ತದೆ.